ಜೀಪಿಗೆ ಜಿಪಿಎಸ್ ಆಂಟೆನಾ: ಟಾಪ್ ಮೇಲಾ, ಫೆಂಡರ್ ಮೇಲಾ, ಡ್ಯಾಶ್ ಒಳಗಾ?

ಮೊದಲು ಒಂದು ಮ್ಯಾಗ್ನೆಟ್ ತಗೊಂಡು ನಿಮ್ಮ ಗಾಡಿಯ ಟಾಪಿಗೆ ಇಟ್ಟು ನೋಡಿ. ಅಂಟಿಕೊಂಡರೆ ಅರ್ಧ ಪ್ರಶ್ನೆ ಅಲ್ಲೇ ಮುಗಿಯಿತು. ಅಂಟದಿದ್ದರೆ ಅದು ಫೈಬರ್ ಅಥವಾ ಕ್ಯಾನ್ವಾಸ್, ಅಪರೂಪಕ್ಕೆ ಅಲ್ಯೂಮಿನಿಯಂ, ಆಗ ಲೆಕ್ಕವೇ ಬೇರೆ. ಆಂಟೆನಾ ಎಲ್ಲಿ ಕೂರಿಸಲಿ ಅಂತ ಕೇಳುವವರು ಸಾಮಾನ್ಯವಾಗಿ ಗಾಡಿಯ ಹೆಸರು ಹೇಳುತ್ತಾರೆ: ಥಾರ್, ಜಿಮ್ನಿ, ಗೂರ್ಖಾ, ಹಳೇ ಎಂಎಂ 540. ಹೆಸರಿನಿಂದ ಏನೂ ಗೊತ್ತಾಗುವುದಿಲ್ಲ. ಟಾಪ್ ಯಾವುದರಿಂದ ಮಾಡಿದ್ದು, ಅದರ ಮೇಲೆ ಏನೇನು ಹೇರಿದ್ದೀರಿ, ಗಾಡಿ ಓಡಾಡುವುದು ಎಲ್ಲಿ, ಇಷ್ಟು ಹೇಳಿದರೆ ಜಾಗ ತಾನಾಗೇ ಗೊತ್ತಾಗುತ್ತದೆ.

ಇನ್ನೊಂದು ಮಾತು. ಹೊರಗಿನ ಆಂಟೆನಾ ಎಲ್ಲರಿಗೂ ಬೇಕಾಗಿಲ್ಲ. ಬೆಂಗಳೂರಿನಿಂದ ಹಾಸನಕ್ಕೆ ಹೆದ್ದಾರಿಯಲ್ಲಿ ಹೋಗಿ ಬರುವುದಕ್ಕೆ ಡ್ಯಾಶ್ ಮೇಲಿನ ಫೋನ್ ಸಾಕು. ಆಕಾಶ ಪೂರ್ತಿ ಕಾಣುವ ಬಯಲಲ್ಲಿ ಸಾಧಾರಣ ಫೋನ್ ಕೂಡ ಐದು ಮೀಟರ್ ಆಸುಪಾಸಿನಲ್ಲಿ ಜಾಗ ತೋರಿಸುತ್ತದೆ. ತೊಂದರೆ ಶುರುವಾಗುವುದು ಸಕಲೇಶಪುರ ದಾಟಿದ ಮೇಲೆ, ಬಿಸಿಲೆ ಕಡೆಗೋ ಮೂಡಿಗೆರೆ ಕಡೆಗೋ ತಿರುಗಿದಾಗ. ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಸಿಲ್ವರ್ ಓಕ್ ಸಾಲು, ತಲೆ ಮೇಲೆ ಮಳೆಯಲ್ಲಿ ನೆನೆದ ಎಲೆ. ಅಲ್ಲಿ ಪರದೆಯ ಮೇಲಿನ ಬಾಣ ತೋಟದ ರಸ್ತೆ ಬಿಟ್ಟು ಕಾಫಿ ಗಿಡಗಳ ಮಧ್ಯೆ ಓಡಾಡತೊಡಗುತ್ತದೆ. ಮುಂದೆ ರಸ್ತೆ ಎರಡಾಗಿ ಒಡೆದರೆ ನೀವು ಯಾವುದರಲ್ಲಿದ್ದೀರಿ ಅಂತ ಅದಕ್ಕೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಟೈಮ್-ಸ್ಪೀಡ್-ಡಿಸ್ಟೆನ್ಸ್ ರ‍್ಯಾಲಿಗೆ (ಕೊಟ್ಟ ವೇಗದಲ್ಲಿ ಕೊಟ್ಟ ಸಮಯಕ್ಕೆ ಸರಿಯಾಗಿ ಮುಟ್ಟುವ ಪಂದ್ಯ) ಹೋಗುವವರಿಗೆ ಇದು ಇನ್ನೂ ದುಬಾರಿ, ಯಾಕೆಂದರೆ ಟ್ರ್ಯಾಕ್, ಅಂದರೆ ಜಿಪಿಎಸ್ ಗುರುತಿಸಿದ ದಾರಿ, ಅಂಕುಡೊಂಕಾದರೆ ದೂರದ ಲೆಕ್ಕವೂ ಕೆಡುತ್ತದೆ. ಆಂಟೆನಾದ ಜಾಗ ಒಳ್ಳೆಯದೋ ಕೆಟ್ಟದೋ ಅನ್ನುವುದು ಗೊತ್ತಾಗುವುದೇ ಅರ್ಧ ಆಕಾಶ ಮುಚ್ಚಿದಾಗ. ಬಯಲಲ್ಲಿ ನೋಡಿ ತೀರ್ಮಾನ ಮಾಡಿದರೆ ಎಲ್ಲ ಜಾಗವೂ ಚೆನ್ನಾಗಿಯೇ ಕಾಣುತ್ತದೆ.

ಮೇಲೆ ಆಕಾಶ, ಕೆಳಗೆ ತಗಡು

ಜಿಪಿಎಸ್ ಉಪಗ್ರಹಗಳು ಇರುವುದು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿಂದ ಹೊರಟ ಸಿಗ್ನಲ್ ನಮ್ಮ ಟಾಪ್ ಮುಟ್ಟುವ ಹೊತ್ತಿಗೆ ಮೈನಸ್ 130 ಡಿಬಿಎಂ (ಸಿಗ್ನಲ್ ಬಲದ ಅಳತೆ) ಆಸುಪಾಸಿಗೆ ಇಳಿದಿರುತ್ತದೆ. ರಿಸೀವರಿನ ಒಳಗಿನ ಗದ್ದಲಕ್ಕಿಂತಲೂ ಕೆಳಗೆ ಅಂದರೆ ಎಷ್ಟು ಕ್ಷೀಣ ಅಂತ ಅಂದಾಜಾದೀತು. ಎಲ್1 ಅನ್ನುವ ಮುಖ್ಯ ಸಿಗ್ನಲ್ಲಿನ ಫ್ರೀಕ್ವೆನ್ಸಿ 1575.42 ಮೆಗಾಹರ್ಟ್ಸ್, ಅಲೆಯ ಉದ್ದ 19 ಸೆಂಟಿಮೀಟರ್. ಇದು ಕ್ಯಾನ್ವಾಸ್, ಫೈಬರ್, ಪ್ಲಾಸ್ಟಿಕ್, ಸಾದಾ ಗಾಜು ಇವುಗಳನ್ನು ಹಾಯ್ದು ಬರುತ್ತದೆ. ಕಬ್ಬಿಣದ ತಗಡನ್ನು ಹಾಯುವುದಿಲ್ಲ. ನೀರು ಇದನ್ನು ನುಂಗುತ್ತದೆ, ಅದಕ್ಕೇ ಬೇಸಿಗೆಯಲ್ಲಿ ಸರಿಯಿದ್ದ ಜಾಗ ಜುಲೈನಲ್ಲಿ ಕೈ ಕೊಡುತ್ತದೆ.

ಅಂಗಡಿಯಲ್ಲಿ ಸಿಗುವ ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಆಂಟೆನಾ ಬಿಚ್ಚಿದರೆ ಒಳಗೆ ಸಾಮಾನ್ಯವಾಗಿ 25 ಮಿಲಿಮೀಟರ್ ಚೌಕದ ಒಂದು ಸೆರಾಮಿಕ್ ಬಿಲ್ಲೆ ಇರುತ್ತದೆ. ಅದಕ್ಕೆ ಪ್ಯಾಚ್ ಅಂತಾರೆ. ಈ ಪ್ಯಾಚ್ ತಾನೊಂದೇ ಸರಿಯಾಗಿ ಕೆಲಸ ಮಾಡುವುದಿಲ್ಲ, ಅದರ ಕೆಳಗೆ ಲೋಹದ ಹಾಳೆ ಬೇಕು. ಕನಿಷ್ಠ ಏಳು ಸೆಂಟಿಮೀಟರ್ ಚೌಕವಾದರೂ ಇರಲಿ, ಹತ್ತು ಇದ್ದರೆ ಇನ್ನೂ ಒಳ್ಳೆಯದು. ಹಾಳೆ ಇದ್ದರೆ ಮೇಲಿನ ಸಿಗ್ನಲ್ ಜಾಸ್ತಿ ಹಿಡಿಯುತ್ತದೆ, ನೆಲಕ್ಕೋ ಬಂಡೆಗೋ ಬಡಿದು ಕೆಳಗಿನಿಂದ ಬರುವ ಕಳ್ಳ ಸಿಗ್ನಲ್ ಕಡಿಮೆಯಾಗುತ್ತದೆ. ಘಾಟಿಯಲ್ಲಿ ಬಾಣ ಆ ಕಡೆ ಈ ಕಡೆ ಹಾರುವುದಕ್ಕೆ ಈ ಕಳ್ಳ ಸಿಗ್ನಲ್ಲುಗಳದೂ ದೊಡ್ಡ ಪಾಲಿದೆ.

ಕಡ್ಡಿಯ ಹಾಗೆ ನಿಂತಿರುವ ಹೆಲಿಕಲ್ ಆಂಟೆನಾಕ್ಕೆ ಈ ತಗಡಿನ ಹಂಗಿಲ್ಲ. ಗಾಡಿ ಒಂದು ಪಕ್ಕಕ್ಕೆ ವಾಲಿದಾಗಲೂ ಅದು ಪ್ಯಾಚಿಗಿಂತ ಚೆನ್ನಾಗಿ ಹಿಡಿಯುತ್ತದೆ. ಆದರೆ ಎದ್ದು ನಿಂತಿರುವ ವಸ್ತು ಯಾವುದೇ ಆಗಲಿ, ಕಾಫಿ ತೋಟದಲ್ಲಿ ಜಾಸ್ತಿ ದಿನ ಉಳಿಯುವುದಿಲ್ಲ.

ಕಬ್ಬಿಣದ ಟಾಪ್ ಇದ್ದರೆ

ಜಿಮ್ನಿಯಂಥ ಕಬ್ಬಿಣದ ಟಾಪ್ ಇರುವವರದು ಪುಣ್ಯ. ಮ್ಯಾಗ್ನೆಟ್ ಆಂಟೆನಾ ತಂದು ಟಾಪಿನ ಮಧ್ಯದಲ್ಲಿ ಇಟ್ಟರೆ ಮೇಲೆ ಪೂರ್ತಿ ಆಕಾಶ, ಕೆಳಗೆ ಮೀಟರುಗಟ್ಟಲೆ ತಗಡು. ಸಿಗ್ನಲ್ ವಿಷಯದಲ್ಲಿ ಇದನ್ನು ಮೀರಿಸುವ ಜಾಗ ಗಾಡಿಯಲ್ಲಿ ಇಲ್ಲ. ಮುಂದೆ ಇಡಬೇಕಾ ಹಿಂದೆ ಇಡಬೇಕಾ ಅಂತ ತಲೆ ಕೆಡಿಸಿಕೊಳ್ಳಬೇಡಿ. ಐದು ಬಾಗಿಲಿನ ಜಿಮ್ನಿಯ ಉದ್ದ 3985 ಮಿಲಿಮೀಟರ್, ನಾಲ್ಕು ಮೀಟರಿಗೂ ಕಡಿಮೆ. ಜಿಪಿಎಸ್‌ನ ಮಾಮೂಲಿ ತಪ್ಪು ಅದಕ್ಕಿಂತ ಜಾಸ್ತಿ. ಹಾಗಾಗಿ ಮುಂದೆ ಹಿಂದೆ ಅನ್ನುವುದನ್ನು ಕೊಂಬೆ ಮತ್ತು ಕೇಬಲ್ ನೋಡಿ ನಿರ್ಧರಿಸಿ.

ಕೊಂಬೆ ವಿಷಯ ಹೇಳಬೇಕು. ತೋಟದ ರಸ್ತೆಯಲ್ಲಿ ಪಕ್ಕದಿಂದ ಬಾಗಿದ ಕೊಂಬೆಗಳು ಮೊದಲು ಸವರುವುದು ಟಾಪಿನ ಎರಡು ಅಂಚುಗಳನ್ನು. ಆದ್ದರಿಂದ ಅಂಚು ಬೇಡ, ನಡುಗೆರೆಯಲ್ಲೇ ಇರಲಿ. ನಾನಾದರೆ ಮಧ್ಯದಿಂದ ಸ್ವಲ್ಪ ಹಿಂದಕ್ಕೆ ಇಡುತ್ತೇನೆ. ಎರಡು ಸೆಂಟಿಮೀಟರಿಗಿಂತ ಎತ್ತರ ಇಲ್ಲದ, ಅಂಚು ಇಳಿಜಾರಾಗಿರುವ ಆಂಟೆನಾ ತಗೊಳ್ಳಿ, ಕೊಂಬೆ ಜಾರಿ ಹೋಗುತ್ತದೆ. ಚೌಕ ಡಬ್ಬದಂಥದ್ದು ಸಿಕ್ಕಿಹಾಕಿಕೊಳ್ಳುತ್ತದೆ. ಮ್ಯಾಗ್ನೆಟ್ ಎಷ್ಟೇ ಗಟ್ಟಿ ಇದ್ದರೂ ದಪ್ಪ ಕೊಂಬೆಗೆ ಅದು ಲೆಕ್ಕಕ್ಕಿಲ್ಲ, ಕಿತ್ತು ಬರುತ್ತದೆ, ಆಮೇಲೆ ಕೇಬಲ್ ಹಿಡಿದುಕೊಂಡು ಗಾಡಿಯ ಪಕ್ಕಕ್ಕೆ ಬಡಿಯುತ್ತಾ ಇರುತ್ತದೆ. ಕಿತ್ತು ಬಂದರೂ ಕೇಬಲ್ ಹರಿಯದ ಹಾಗೆ ಒಂದು ನೈಲಾನ್ ದಾರ ಕಟ್ಟಿಡುವುದು ಒಳ್ಳೆಯದು.

ತೂತು ಕೊರೆದು ನಟ್ಟು ಹಾಕಿ ಕೂರಿಸುವುದು ಇದಕ್ಕಿಂತ ಗಟ್ಟಿ, ನಿಜ. ಆದರೆ ಮಲೆನಾಡಿನ ಮಳೆಯಲ್ಲಿ ಓಡುವ ಗಾಡಿಯ ಟಾಪಿಗೆ ತೂತು ಹಾಕುವ ಮುನ್ನ ಎರಡು ಸಲ ಯೋಚಿಸಿ. ಕೊರೆದ ಅಂಚಿಗೆ ಪ್ರೈಮರ್ ಹಚ್ಚದೆ ಬರೀ ಸೀಲೆಂಟ್ ಮೆತ್ತಿದರೆ ತುಕ್ಕು ಒಳಗಿನಿಂದ ಹರಡುತ್ತದೆ, ಹೊರಗೆ ಕಾಣುವಾಗ ತಡವಾಗಿರುತ್ತದೆ. ಮ್ಯಾಗ್ನೆಟ್ಟಿಗೂ ಒಂದು ತಂಟೆ ಇದೆ: ಕೆಳಗೆ ದೂಳು ಸೇರಿ, ಗಾಡಿ ಅದುರಿದಂತೆಲ್ಲ ಪೇಂಟ್ ಉಜ್ಜಿಹೋಗುತ್ತದೆ. ಆಗಾಗ ಎತ್ತಿ ಒರೆಸಿ. ನನ್ನ ಮಟ್ಟಿಗೆ ದಿನವೂ ತೋಟದಲ್ಲೇ ಓಡುವ ಗಾಡಿಗೆ ತೂತು, ವಾರಾಂತ್ಯದ ಗಾಡಿಗೆ ಮ್ಯಾಗ್ನೆಟ್.

ಫೈಬರ್ ಟಾಪ್, ಕ್ಯಾನ್ವಾಸ್ ಟಾಪ್

ಫೈಬರ್ ಟಾಪ್ ಇರುವವರು ಆಂಟೆನಾವನ್ನು ಹೊರಗೆ ಇಡುವ ಅಗತ್ಯವೇ ಇಲ್ಲ, ಇದನ್ನು ಬಹಳ ಜನ ಯೋಚಿಸುವುದಿಲ್ಲ. ಸಿಗ್ನಲ್ ಫೈಬರನ್ನು ಹಾಯ್ದು ಬರುತ್ತದೆ ಅಂದಮೇಲೆ ಕೊಂಬೆಗೂ ಮಳೆಗೂ ಸಿಗದ ಹಾಗೆ ಒಳಗಿನಿಂದಲೇ ಅಂಟಿಸಬಹುದಲ್ವಾ? ಹತ್ತು ಸೆಂಟಿಮೀಟರ್ ಚೌಕದ ತಗಡು ಕತ್ತರಿಸಿ, ಅದರ ಮೇಲೆ ಆಂಟೆನಾ ಇಟ್ಟು, ಆಂಟೆನಾದ ಮುಖ ಟಾಪಿನ ಕಡೆಗೆ ಇರುವಂತೆ ಮೇಲಕ್ಕೆ ಒತ್ತಿ ಕೂರಿಸಿ. ತಗಡು ಆಂಟೆನಾದ ಕೆಳಗೇ ಬರಬೇಕು. ತಗಡನ್ನು ಟಾಪಿಗೆ ಅಂಟಿಸಿ ಅದರ ಕೆಳಗೆ ಮ್ಯಾಗ್ನೆಟ್ಟನ್ನು ತೂಗಾಡಿಸಿದರೆ ಆಕಾಶವನ್ನೇ ಮುಚ್ಚಿದ ಹಾಗೆ.

ಇಲ್ಲಿ ಒಂದು ಮುಖ್ಯ ಎಚ್ಚರಿಕೆ. ಫೈಬರ್ ಟಾಪ್ ಬಿಸಿಲಿಗೆ ಕಾಯುತ್ತದೆ ಅಂತ ಒಳಗೆ ಬೆಳ್ಳಿ ಬಣ್ಣದ ಇನ್ಸುಲೇಶನ್ ಶೀಟ್ ಅಂಟಿಸಿಕೊಂಡವರು ತುಂಬಾ ಜನ. ಆ ಬೆಳ್ಳಿ ಬಣ್ಣ ಅಲ್ಯೂಮಿನಿಯಂ ಹಾಳೆ. ಅದರ ಕೆಳಗೆ ಎಂಥ ಆಂಟೆನಾ ಇಟ್ಟರೂ ಕೆಲಸ ಮಾಡುವುದಿಲ್ಲ. ಆಂಟೆನಾ ಇರುವ ಕಡೆ ಒಂದು ಅಡಿ ಚೌಕದಷ್ಟು ಶೀಟ್ ಕತ್ತರಿಸಿ ತೆಗೆಯಿರಿ. ಮ್ಯಾಗ್ನೆಟ್ ಅಂಟಲಿಲ್ಲ ಅಂತ ನೆಚ್ಚಿಕೊಂಡು ಕೂತರೆ ಮೋಸಹೋಗುವುದು ಇಲ್ಲೇ, ಅಲ್ಯೂಮಿನಿಯಂಗೆ ಮ್ಯಾಗ್ನೆಟ್ ಹಿಡಿಯುವುದಿಲ್ಲ, ಆದರೆ ಅದು ಸಿಗ್ನಲನ್ನು ಕಬ್ಬಿಣದಷ್ಟೇ ತಡೆಯುತ್ತದೆ.

ಕ್ಯಾನ್ವಾಸಿನದೂ ಇದೇ ಕಥೆ. ರೋಲ್ ಬಾರಿನ ಅಡ್ಡ ಪೈಪಿಗೆ ಕ್ಲಾಂಪ್ ಹಾಕಿ, ಅದರ ಮೇಲೆ ತಗಡು, ತಗಡಿನ ಮೇಲೆ ಆಂಟೆನಾ, ಎಲ್ಲವೂ ಕ್ಯಾನ್ವಾಸಿನ ಒಳಗೆ. ನೆನೆದ ಬಟ್ಟೆ ಆಂಟೆನಾಕ್ಕೆ ತಾಗದಂತೆ ನಾಲ್ಕೈದು ಸೆಂಟಿಮೀಟರ್ ಗ್ಯಾಪ್ ಬಿಡಿ. ಪೈಪ್ ಲೋಹದ್ದೇ ಆದರೂ ಅಷ್ಟು ತೆಳ್ಳಗಿನದು ತಡೆಯುವುದು ಕಡಿಮೆ, ಆಂಟೆನಾ ಪೈಪಿನ ಮೇಲ್ಮಟ್ಟಕ್ಕೆ ಬಂದರೆ ಸಾಕು.

ಹಳೇ ಜೀಪಿನವರಿಗೆ ಇನ್ನೊಂದು ದಾರಿ ಇದೆ, ನನಗೆ ತುಂಬಾ ಇಷ್ಟವಾದದ್ದು: ಮುಂದಿನ ಚಪ್ಪಟೆ ಫೆಂಡರ್. ಅದು ದಪ್ಪ ಕಬ್ಬಿಣ, ಮ್ಯಾಗ್ನೆಟ್ ಗಟ್ಟಿಯಾಗಿ ಹಿಡಿಯುತ್ತದೆ, ಕೇಬಲ್ ಒಳಕ್ಕೆ ತರುವುದು ಸುಲಭ. ಸಾಮಾನ್ಯ ಕಾರಿನಲ್ಲಾದರೆ ಫೆಂಡರಿಗೆ ಹಿಂದಿನ ಕ್ಯಾಬಿನ್ ಅಡ್ಡ ಬರುತ್ತದೆ. ಕ್ಯಾನ್ವಾಸ್ ಜೀಪಿನಲ್ಲಿ ಹಿಂದೆ ಇರುವುದು ಬಟ್ಟೆ, ಗಾಜು, ನಾಲ್ಕು ಪೈಪ್ ಅಷ್ಟೇ. ಹಾಗಾಗಿ ಅಲ್ಲಿಂದ ಹೆಚ್ಚುಕಡಿಮೆ ಪೂರ್ತಿ ಆಕಾಶ ಸಿಗುತ್ತದೆ. ಕೆಸರು ಹಾರುತ್ತದೆ, ಯಾರಾದರೂ ಕದಿಯಲೂಬಹುದು, ಸಂಜೆ ಕಿತ್ತು ಒಳಗಿಡಿ. ಇದೇ ಬುದ್ಧಿಯನ್ನು ಜಿಮ್ನಿಯ ಬಾನೆಟ್ ಮೇಲೆ ತೋರಿಸಬೇಡಿ: ಹಿಂದೆ ಕಬ್ಬಿಣದ ಕ್ಯಾಬಿನ್, ಕೆಳಗೆ ಎಂಜಿನ್ ಕಾವು, ಬಾನೆಟ್ ಎತ್ತಿದಾಗೆಲ್ಲ ಕೇಬಲ್ ಎಳೆಯುವುದು ಬೇರೆ.

ಮೇಲೆ ಕ್ಯಾರಿಯರ್ ಇದ್ದರೆ

ಖಾಲಿ ಕ್ಯಾರಿಯರ್ ಅಷ್ಟೇನೂ ಕಾಡುವುದಿಲ್ಲ. ಕಾಡುವುದು ಅದರ ಮೇಲಿನ ಸಾಮಾನು. ಆಂಟೆನಾ ಕ್ಯಾರಿಯರ್ ಕೆಳಗೆ, ಟಾಪಿನ ಮೇಲೆ ಕೂತಿದೆ; ನೀವು ಮೇಲೆ ಟೆಂಟ್, ಸ್ಟೆಪ್ನಿ, ಡೀಸೆಲ್ ಕ್ಯಾನ್ ಎಲ್ಲ ಹೇರುತ್ತೀರಿ; ಆಮೇಲೆ ಜಿಪಿಎಸ್ ಸರಿಯಿಲ್ಲ ಅಂತ ಸ್ಟೀರಿಯೋ ಅಂಗಡಿಯವನನ್ನು ಬೈತೀರಿ. ಕೋನದ ಲೆಕ್ಕ ಹಾಕಿ ನೋಡಿ: ಮೂವತ್ತು ಸೆಂಟಿಮೀಟರ್ ಎತ್ತರದ ಡಬ್ಬ ಒಂದು ಮೀಟರ್ ದೂರ ಇದ್ದರೆ ಆ ದಿಕ್ಕಿನಲ್ಲಿ ದಿಗಂತದಿಂದ 17 ಡಿಗ್ರಿವರೆಗೆ ಮಾತ್ರ ಮುಚ್ಚುತ್ತದೆ. ಅಷ್ಟು ಕೆಳಗಿನ ಉಪಗ್ರಹಗಳು ಘಾಟಿಯಲ್ಲಿ ಹೇಗೂ ಗುಡ್ಡದ ಹಿಂದೆ ಇರುತ್ತವೆ. ಅದೇ ನಲವತ್ತು ಸೆಂಟಿಮೀಟರ್ ಎತ್ತರದ ಸಾಮಾನು ಇಪ್ಪತ್ತು ಸೆಂಟಿಮೀಟರ್ ದೂರದಲ್ಲಿದ್ದರೆ 63 ಡಿಗ್ರಿ ಹೋಯಿತು.

ಕ್ಯಾರಿಯರಿನ ಒಂದು ಮೂಲೆಗೆ ಸಣ್ಣ ಬ್ರಾಕೆಟ್ ಮಾಡಿಸಿ, ಸಾಮಾನಿನ ಮಟ್ಟಕ್ಕೆ ಎತ್ತಿ, ತಗಡಿನ ಮೇಲೆ ಆಂಟೆನಾ ಕೂರಿಸುವುದು ದಾರಿ. ವೆಲ್ಡಿಂಗ್ ಅಂಗಡಿಯಲ್ಲಿ ಅರ್ಧ ಗಂಟೆಯ ಕೆಲಸ. ಮೂಲೆ ಅಂದರೆ ಕೊಂಬೆ ಸಿಗುತ್ತದೆ, ಗೊತ್ತು. ಅದಕ್ಕೆ ಮುಂದಿನ ಮೂಲೆ ಬಿಟ್ಟು ಹಿಂದಿನದನ್ನು ಆರಿಸಿ, ಆಂಟೆನಾದ ಮುಂದೆ ಕ್ಯಾರಿಯರಿನ ಸರಳು ಬರಲಿ, ಕೊಂಬೆಯ ಮೊದಲ ಪೆಟ್ಟು ಅದಕ್ಕೆ ಬೀಳಲಿ. ಅಲ್ಯೂಮಿನಿಯಂ ಕ್ಯಾರಿಯರ್ ಆದರೆ ಮ್ಯಾಗ್ನೆಟ್ ಬಿಟ್ಟು ಸ್ಕ್ರೂ ಆಂಟೆನಾ ತಗೊಳ್ಳಿ. ತಗಡಿನ ಕೆಲಸವನ್ನು ಅಲ್ಯೂಮಿನಿಯಂ ಕೂಡ ಅಷ್ಟೇ ಚೆನ್ನಾಗಿ ಮಾಡುತ್ತದೆ.

ಸ್ನಾರ್ಕೆಲ್ (ಎಂಜಿನ್ನಿಗೆ ಗಾಳಿ ಎಳೆಯಲು ಮೇಲಕ್ಕೆ ಎತ್ತಿದ ಪೈಪ್) ಮೇಲೆ ಬ್ರಾಕೆಟ್ ಹಾಕುವವರಿದ್ದಾರೆ. ಪರವಾಗಿಲ್ಲ, ಆದರೆ ಕೊಂಬೆಗೆ ಮೊದಲು ಸಿಗುವುದೂ ಅದೇ. ಮುಂದಿನ ಗಾರ್ಡ್ ಮೇಲಂತೂ ಬೇಡವೇ ಬೇಡ. ತಗ್ಗು, ಕೆಸರು, ವಿಂಚ್ ಹಗ್ಗ, ಎಲ್ಲವೂ ಅಲ್ಲೇ. ಅದಕ್ಕಿಂತ ಹೆಚ್ಚಾಗಿ, ಕ್ರ್ಯಾಶ್ ಗಾರ್ಡ್ ಹಾಕಿದವರ ಮೇಲೆ ಕ್ರಮ ತಗೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಬರೆದಿದೆ.

ಒಳಗೇ ಇರಲಿ ಅನ್ನುವವರಿಗೆ

ಡ್ಯಾಶ್ ಮೇಲೆ, ಗಾಜಿನ ಬುಡದಲ್ಲಿ ಇಡುವುದು ಅತಿ ಸುಲಭ. ಮಳೆ ಇಲ್ಲ, ಕೊಂಬೆ ಇಲ್ಲ, ವಾಟರ್ ಸರ್ವಿಸ್ ಹುಡುಗ ಪ್ರೆಶರ್ ಗನ್ ಹಿಡಿಯುವುದಿಲ್ಲ. ಕಬ್ಬಿಣದ ಟಾಪ್ ಇರುವ ಗಾಡಿಯಲ್ಲಿ ಇಲ್ಲಿಂದ ಕಾಣುವುದು ಮುಂದಿನ ಆಕಾಶ ಮಾತ್ರ. ಏರು ಹತ್ತುವಾಗ ಮೂತಿ ಮೇಲಿರುತ್ತದೆ, ಸರಿಯಾಗಿ ಹಿಡಿಯುತ್ತದೆ. ಘಾಟಿ ಇಳಿಯುವಾಗ ಟಾಪಿನ ಅಂಚು ಮುಂದಕ್ಕೆ ಬಾಗಿ ನೆತ್ತಿಯ ಆಕಾಶವನ್ನೂ ಮುಚ್ಚುತ್ತದೆ. ಒಂದೇ ರಸ್ತೆಯಲ್ಲಿ ಹೋಗುವಾಗಿನ ಟ್ರ್ಯಾಕ್ ಬರುವಾಗಿನದರ ಮೇಲೆ ಕೂರದೆ ಇರುವುದಕ್ಕೆ ಇದೂ ಒಂದು ಕಾರಣ.

ಗಾಜನ್ನೂ ನೋಡಬೇಕು. ಕೆಲವು ಗಾಜುಗಳಲ್ಲಿ ಶಾಖ ತಡೆಯಲು ಲೋಹದ ತೆಳು ಪದರ ಇರುತ್ತದೆ, ಅದು ಸಿಗ್ನಲನ್ನೂ ತಡೆಯುತ್ತದೆ. ಅಂಥ ಗಾಜಿನಲ್ಲಿ ಕನ್ನಡಿಯ ಹಿಂದೆ ಟೋಲ್ ಟ್ಯಾಗಿಗೆ ಅಂತ ಪದರ ಇಲ್ಲದ ಜಾಗ ಬಿಟ್ಟಿರುತ್ತಾರೆ, ಆಂಟೆನಾ ಅಲ್ಲಿಗೇ ಹೋಗಲಿ. ಸನ್ ಫಿಲ್ಮ್ ಅಂಟಿಸುವುದನ್ನು ಸುಪ್ರೀಂ ಕೋರ್ಟ್ 2012ರಲ್ಲಿ ನಿಲ್ಲಿಸಿದರೂ ಹಳೇ ಗಾಡಿಗಳಲ್ಲಿ ಇನ್ನೂ ಉಳಿದಿರುವುದುಂಟು. ಅವುಗಳಲ್ಲಿ ಮಿಂಚುವ ಲೋಹದ ಫಿಲ್ಮ್ ಇದ್ದರೆ ಅದರದೂ ಇದೇ ತೊಂದರೆ.

ಆಂಡ್ರಾಯ್ಡ್ ಸ್ಟೀರಿಯೋ ಹಾಕಿಸುವವರು ಒಂದು ವಿಷಯ ನೋಡಿಕೊಳ್ಳಿ. ಡಬ್ಬದಲ್ಲಿ ಬಂದ ಆಂಟೆನಾವನ್ನು ಅಂಗಡಿಯ ಹುಡುಗರು ಎಷ್ಟೋ ಸಲ ಡ್ಯಾಶ್ ಒಳಗೆ ತುರುಕಿ ಮುಚ್ಚಿಬಿಡುತ್ತಾರೆ. ಡ್ಯಾಶ್ ಪ್ಲಾಸ್ಟಿಕ್ಕಿನ ಕೆಳಗೆ ಈ ತುದಿಯಿಂದ ಆ ತುದಿಗೆ ಒಂದು ಕಬ್ಬಿಣದ ಅಡ್ಡಪಟ್ಟಿ ಇರುತ್ತದೆ. ಆಂಟೆನಾ ಅದರ ಮೇಲ್ಭಾಗದಲ್ಲಿ ಇರಬೇಕು, ಮ್ಯಾಗ್ನೆಟ್ ಇರುವ ಮುಖ ಕೆಳಗೆ, ನುಣುಪು ಮುಖ ಮೇಲೆ. ಮುಚ್ಚುವ ಮುನ್ನ ನೀವೇ ನಿಂತು ನೋಡಿ. ಕದ್ದರೆ ಸಿಗಲಿ ಅಂತ ಟ್ರ್ಯಾಕರ್ ಹಾಕಿಸುವವರಿಗೆ, ಹಳದಿ ಬೋರ್ಡಿನ ಜೀಪಿಗೆ ಎಐಎಸ್-140 ಅನ್ನುವ ಸರ್ಕಾರಿ ಮಾನದಂಡದ ಟ್ರ್ಯಾಕರ್ ಹಾಕಿಸುವವರಿಗೆ ಈ ಗುಟ್ಟಿನ ಜಾಗ ಸರಿ, ಅವರಿಗೆ ಹತ್ತು ಮೀಟರ್ ಹೆಚ್ಚುಕಡಿಮೆ ಆದರೂ ನಡೆಯುತ್ತದೆ. ಟ್ರ್ಯಾಕ್ ನೋಡಿ ಗಾಡಿ ಓಡಿಸುವವರಿಗೆ ನಡೆಯುವುದಿಲ್ಲ.

ಶಾರ್ಕ್ ಫಿನ್ (ಮೀನಿನ ರೆಕ್ಕೆಯಂತೆ ಕಾಣುವ ಟಾಪ್ ಆಂಟೆನಾ) ಅಂತ ಆಕ್ಸೆಸರಿ ಅಂಗಡಿಯಲ್ಲಿ ಮಾರುವುದರಲ್ಲಿ ಎಷ್ಟೋ ಸಲ ಬರೀ ಪ್ಲಾಸ್ಟಿಕ್ ಇರುತ್ತದೆ. ಒಳಗೆ ಕೇಬಲ್ ಇದೆಯಾ ಕೇಳಿ ತಗೊಳ್ಳಿ.

ಕೇಬಲ್, ಗದ್ದಲ

ಜೊತೆಗೆ ಬರುವ ತೆಳ್ಳಗಿನ ಕೇಬಲ್ ಸಾಮಾನ್ಯವಾಗಿ ಆರ್‌ಜಿ-174. ಮೀಟರಿಗೆ ಒಂದು ಡಿಬಿಗಿಂತ ಸ್ವಲ್ಪ ಜಾಸ್ತಿ ನುಂಗುತ್ತದೆ. ಆಂಟೆನಾದ ಒಳಗೇ ಸಿಗ್ನಲ್ ಹೆಚ್ಚಿಸುವ ಸರ್ಕ್ಯೂಟ್ ಇರುವುದರಿಂದ ಮೂರು ಅಥವಾ ಐದು ಮೀಟರಿಗೆ ತೊಂದರೆ ಇಲ್ಲ. ಉದ್ದ ಜಾಸ್ತಿಯಾಯಿತು ಅಂತ ಕತ್ತರಿಸಿ ಟೇಪ್ ಸುತ್ತಬೇಡಿ, ಮಿಕ್ಕಿದ್ದನ್ನು ಅಗಲವಾಗಿ ಸುತ್ತಿ ಸೀಟಿನ ಕೆಳಗೆ ಇಡಿ. ಬಾಗಿಲ ರಬ್ಬರ್ ಬೀಡಿಂಗ್ ಮೂಲಕ ತರುವಾಗ ಹೊರಗೆ ಕೇಬಲನ್ನು ಒಮ್ಮೆ ಕೆಳಕ್ಕೆ ಇಳಿಸಿ ಮತ್ತೆ ಮೇಲಕ್ಕೆ ಏರಿಸಿ ಒಳಗೆ ತನ್ನಿ. ಆ ತಗ್ಗಿನಲ್ಲಿ ನೀರು ತೊಟ್ಟಿಕ್ಕಿ ಹೋಗುತ್ತದೆ, ಇಲ್ಲದಿದ್ದರೆ ಕೇಬಲ್ ಹಿಡಿದುಕೊಂಡೇ ಒಳಗೆ ಬರುತ್ತದೆ. ಮುಂದಿನ ಕಂಬದ ಪ್ಲಾಸ್ಟಿಕ್ ಬಿಚ್ಚುವುದಾದರೆ ಹುಷಾರು. ಜಿಮ್ನಿಯಂಥ ಆರು ಏರ್‌ಬ್ಯಾಗಿನ ಗಾಡಿಯಲ್ಲಿ ಕರ್ಟನ್ ಏರ್‌ಬ್ಯಾಗ್ ಅಲ್ಲೇ ಮಡಚಿ ಕೂತಿರುತ್ತದೆ. ಕೇಬಲ್ ಅದರ ಮುಂದೆ ಅಡ್ಡ ಬರಬಾರದು.

ಇನ್ನು ಗದ್ದಲ, ಅಂದರೆ ಗಾಡಿಯ ಬೇರೆ ಎಲೆಕ್ಟ್ರಾನಿಕ್ ಸಾಮಾನುಗಳು ಹೊರಡಿಸುವ ಅಡ್ಡ ಸಿಗ್ನಲ್. ಅಗ್ಗದ ಡ್ಯಾಶ್‌ಕ್ಯಾಮ್ ಮತ್ತು ಯುಎಸ್‌ಬಿ ಚಾರ್ಜರ್ ಜಿಪಿಎಸ್‌ಗೆ ದೊಡ್ಡ ಶತ್ರುಗಳು. ಡ್ಯಾಶ್‌ಕ್ಯಾಮ್ ಪಕ್ಕದಲ್ಲೇ ಆಂಟೆನಾ ಅಂಟಿಸಿದರೆ ಆಕಾಶ ಎಷ್ಟು ಕಂಡರೂ ಪ್ರಯೋಜನ ಇಲ್ಲ. ಲೈಸೆನ್ಸ್ ಇಟ್ಟುಕೊಂಡು ಹ್ಯಾಮ್ ರೇಡಿಯೋ ಸೆಟ್ ಹಾಕಿಸಿದವರು ಅದರ ಆಂಟೆನಾವನ್ನು ಜಿಪಿಎಸ್‌ನಿಂದ ಆದಷ್ಟು ದೂರ ಇಡಿ, ಒಂದು ಮೀಟರ್ ಸಿಕ್ಕರೆ ಒಳ್ಳೆಯದು.

ಜಿಪಿಎಸ್ ಥರದ ನಮ್ಮ ದೇಶದ್ದೇ ಉಪಗ್ರಹ ವ್ಯವಸ್ಥೆ ನಾವಿಕ್ ಬೇಕು ಅನ್ನುವವರು ಆಂಟೆನಾ ಡಬ್ಬದ ಮೇಲೆ ಎಲ್5 ಅಂತ ಇದೆಯಾ ನೋಡಿ, ಅದು ಎಲ್1ಕ್ಕಿಂತ ಬೇರೆ ಫ್ರೀಕ್ವೆನ್ಸಿ. 2023ರ ಮೇ ತಿಂಗಳಲ್ಲಿ ಹಾರಿಸಿದ ಎನ್‌ವಿಎಸ್-01ರಿಂದ ಈಚೆಗೆ ಎಲ್1 ಸಿಗ್ನಲ್ ಬಂತು. ಅದಕ್ಕೂ ಮುಂಚಿನ ನಾವಿಕ್ ಉಪಗ್ರಹಗಳು ಎಲ್1 ಮಾತ್ರ ಹಿಡಿಯುವ ಆಂಟೆನಾಕ್ಕೆ ಕೇಳಿಸುವುದಿಲ್ಲ. ಈ ಉಪಗ್ರಹಗಳನ್ನು ನಡೆಸುವ ಇಸ್ರೋದ ಕೇಂದ್ರ ಹಾಸನದಲ್ಲೇ ಇದೆ.

ಕೊರೆಯುವ ಮುನ್ನ ಟೆಸ್ಟ್ ಮಾಡಿ

ಯಾವ ಜಾಗಕ್ಕೂ ಮೊದಲೇ ಗಮ್ ಹಾಕಬೇಡಿ. ಟೇಪಿನಲ್ಲಿ ಅಂಟಿಸಿ, ರಿಸೀವರಿನಲ್ಲಿ ಉಪಗ್ರಹಗಳ ಪುಟ ತೆರೆಯಿರಿ. ಸಾಮಾನ್ಯವಾಗಿ ಪ್ರತಿ ಉಪಗ್ರಹದ ಪಕ್ಕ ಒಂದು ಸಂಖ್ಯೆ ಇರುತ್ತದೆ, ಡಿಬಿ-ಹರ್ಟ್ಸ್‌ನಲ್ಲಿ. ನೆತ್ತಿಯ ಹತ್ತಿರದ ಉಪಗ್ರಹಗಳಿಗೆ 40ಕ್ಕಿಂತ ಜಾಸ್ತಿ ಬಂದರೆ ಚೆನ್ನಾಗಿದೆ, 30ರ ಕೆಳಗೆ ಬಂದರೆ ಏನೋ ಅಡ್ಡ ಇದೆ. ಬಯಲಲ್ಲಿ ನಿಲ್ಲಿಸಿ, ಕಾಲು ಗಂಟೆ ಬಿಟ್ಟು ನೋಡಿ. ಆಮೇಲೆ ಎಂಜಿನ್ ಹಾಕಿ, ಲೈಟ್ ಬಾರ್ ಹಾಕಿ, ಚಾರ್ಜರ್, ಡ್ಯಾಶ್‌ಕ್ಯಾಮ್ ಒಂದೊಂದಾಗಿ ಹಾಕುತ್ತಾ ಹೋಗಿ. ಯಾವುದನ್ನು ಹಾಕಿದಾಗ ಎಲ್ಲ ಸಂಖ್ಯೆಗಳೂ ಒಟ್ಟಿಗೆ ಬೀಳುತ್ತವೋ ಅದೇ ಕಳ್ಳ. ಒಂದು ದಿಕ್ಕಿನವು ಮಾತ್ರ ಬಿದ್ದಿದ್ದರೆ ಅದು ಗದ್ದಲ ಅಲ್ಲ, ಆ ಕಡೆ ಲೋಹ ಅಡ್ಡ ಇದೆ ಅಂತ ಅರ್ಥ.

ಎರಡು ಜಾಗ ಹೋಲಿಸುವಾಗ ಒಂದರ ಹಿಂದೆ ಒಂದು, ತಡ ಮಾಡದೆ ನೋಡಿ, ಉಪಗ್ರಹಗಳು ಚಲಿಸುತ್ತಾ ಇರುತ್ತವೆ. ಆಮೇಲೆ ಅದೇ ಎರಡು ಜಾಗವನ್ನು ಮರಗಳ ಕೆಳಗೆ ಇನ್ನೊಮ್ಮೆ ನೋಡಿ, ಬೇರೆಯವರ ತೋಟವಾದರೆ ಕೇಳಿಯೇ ಒಳಗೆ ಹೋಗಿ. ಅಲ್ಲೂ ಒಂದೆರಡು ಡಿಬಿ ಮಾತ್ರ ವ್ಯತ್ಯಾಸ ಇದ್ದರೆ ಕೇಬಲ್ ಸುಲಭವಾಗಿ ಹೋಗುವ, ಕೊಂಬೆ ತಾಗದ ಜಾಗವನ್ನೇ ಆರಿಸಿ. ಐದಾರು ಡಿಬಿ ಇದ್ದರೆ ಟಾಪಿನ ಮೇಲಕ್ಕೆ ಹೋಗಿ, ಕೇಬಲ್ ಎಳೆಯುವುದಕ್ಕೆ ಅರ್ಧ ದಿನ ಹೋದರೂ ಹೋಗಲಿ.